ದ್ರವ ಇಂಧನಗಳಿಂದ ಕಲ್ಮಶ ತೆಗೆಯುವ ಹಸಿರು ದ್ರಾವಕಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಧನದಲ್ಲಿರುವ ಕಲ್ಮಶ ಎಂದರೆ ನಿಖರವಾಗಿ ಯಾವುದು?

ಕಲ್ಮಶ ಎಂದೊಡನೆ ನೀರು, ಕೆಸರು, ತುಕ್ಕಿನ ಪುಡಿ ನೆನಪಿಗೆ ಬರುತ್ತವೆ. ಅವನ್ನು ಸೋಸಿಯೋ ತಂಗಲು ಬಿಟ್ಟೋ ತೆಗೆಯಬಹುದು. ಇಲ್ಲಿ ಚರ್ಚಿಸುತ್ತಿರುವುದು ಇಂಧನದಲ್ಲಿ ಪೂರ್ತಿಯಾಗಿ ಕರಗಿಹೋಗಿರುವ, ಯಾವ ಸೋಸುಬಟ್ಟೆಗೂ ಸಿಗದ ಕಲ್ಮಶಗಳನ್ನು ಕುರಿತು. ಅವುಗಳಲ್ಲಿ ಮುಖ್ಯವಾದದ್ದು ಗಂಧಕದ ಸಂಯುಕ್ತಗಳು: ಮರ್ಕ್ಯಾಪ್ಟನ್‌ಗಳು, ಸಲ್ಫೈಡ್‌ಗಳು, ಥಯೋಫೀನ್, ಬೆಂಜೋಥಯೋಫೀನ್, ಡೈಬೆಂಜೋಥಯೋಫೀನ್ ಮತ್ತು ಇವುಗಳ ಮೈಮೇಲೆ ಮೀಥೈಲ್ ಗುಂಪುಗಳು ಸೇರಿಕೊಂಡ ರೂಪಗಳು. ಇವುಗಳ ಜೊತೆಗೆ ಪಿರಿಡೀನ್, ಕ್ವಿನೊಲೀನ್, ಇಂಡೋಲ್, ಕಾರ್ಬಜೋಲ್ ಮುಂತಾದ ಸಾರಜನಕದ ಸಂಯುಕ್ತಗಳು, ಫೀನಾಲ್‌ಗಳು, ನ್ಯಾಫ್ತೆನಿಕ್ ಆಮ್ಲಗಳು ಇರುತ್ತವೆ. ಜೈವಿಕ ಡೀಸೆಲ್‌ನ ಕಥೆ ಬೇರೆ. ಅಲ್ಲಿ ತೊಂದರೆ ಕೊಡುವುದು ಗ್ಲಿಸರಾಲ್, ಸಾಬೂನು ಮತ್ತು ಉಳಿದ ಮೆಥನಾಲ್.

ಗಂಧಕಕ್ಕೆ ಮಾತ್ರ ಇಷ್ಟೊಂದು ಗಮನ ಏಕೆ?

ಗಂಧಕ ಉರಿದಾಗ ಸಲ್ಫರ್ ಡೈಆಕ್ಸೈಡ್ ಹೊರಬರುತ್ತದೆ, ಅದು ಆಮ್ಲಮಳೆಗೂ ಸೂಕ್ಷ್ಮ ಕಣಗಳಿಗೂ ಕಾರಣವಾಗುತ್ತದೆ ಎಂಬುದು ಎಲ್ಲರಿಗೂ ತಿಳಿದ ಅರ್ಧ. ಇನ್ನರ್ಧವೇನೆಂದರೆ, ವಾಹನದ ಹೊಗೆಕೊಳವೆಯಲ್ಲಿ ವಿಷಾನಿಲಗಳನ್ನು ನಿವಾರಿಸಲು ಕೂರಿಸಿರುವ ವೇಗವರ್ಧಕಗಳನ್ನು ಗಂಧಕವು ನಿಷ್ಕ್ರಿಯಗೊಳಿಸುತ್ತದೆ. ಆದ್ದರಿಂದ ಇಂಧನದಲ್ಲಿ ಗಂಧಕ ಉಳಿದರೆ ಗಂಧಕದ ಮಾಲಿನ್ಯವಷ್ಟೇ ಅಲ್ಲ, ಬೇರೆಲ್ಲ ಮಾಲಿನ್ಯವೂ ಹೆಚ್ಚುತ್ತದೆ. ಈ ಕಾರಣಕ್ಕೇ ಮಿತಿಗಳು ಒಂದೇ ಸಮನೆ ಇಳಿಯುತ್ತ ಬಂದಿವೆ. ಅಮೆರಿಕವು ಹೆದ್ದಾರಿ ಡೀಸೆಲ್‌ಗೆ 1993ರಲ್ಲಿ 500 ಪಿಪಿಎಂ (ತೂಕದ ಹತ್ತು ಲಕ್ಷ ಭಾಗದಲ್ಲಿ 500 ಭಾಗ) ಮಿತಿ ಹಾಕಿತು. 2006ರಿಂದ ಅದನ್ನು 15 ಪಿಪಿಎಂಗೆ ಇಳಿಸಿತು. ಯುರೋಪಿಯನ್ ಒಕ್ಕೂಟದಲ್ಲಿ 2009ರಿಂದ ಮಿತಿ 10 ಪಿಪಿಎಂ. ಹಡಗುಗಳ ಇಂಧನಕ್ಕೆ ಅಂತರರಾಷ್ಟ್ರೀಯ ಕಡಲ ಸಂಸ್ಥೆಯು 2020ರ ಜನವರಿಯಿಂದ ಶೇಕಡಾ 3.50ರ ಮಿತಿಯನ್ನು ಶೇಕಡಾ 0.50ಕ್ಕೆ ತಂದಿದೆ. ಇಂಧನ ಕೋಶಗಳಿಗೆ ಬಳಸುವುದಾದರೆ 1 ಪಿಪಿಎಂ ಕೂಡ ಹೆಚ್ಚೇ.

ಸಂಸ್ಕರಣಾಗಾರಗಳು ಈಗಾಗಲೇ ಗಂಧಕ ತೆಗೆಯುತ್ತಿರುವಾಗ ಹೊಸ ದಾರಿಯ ಅಗತ್ಯವೇನು?

ತೆಗೆಯುತ್ತಿವೆ, ಬಹಳ ಚೆನ್ನಾಗಿಯೇ ತೆಗೆಯುತ್ತಿವೆ. ಹೈಡ್ರೋಡೀಸಲ್ಫರೈಸೇಷನ್ ಎಂಬ ಆ ವಿಧಾನದಲ್ಲಿ ಇಂಧನವನ್ನು ಸುಮಾರು 300ರಿಂದ 400 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ, ಹತ್ತಾರು ವಾತಾವರಣಗಳ ಒತ್ತಡದಲ್ಲಿ, ಜಲಜನಕದ ಜೊತೆ ಕೋಬಾಲ್ಟ್-ಮಾಲಿಬ್ಡಿನಂ ಅಥವಾ ನಿಕಲ್-ಮಾಲಿಬ್ಡಿನಂ ವೇಗವರ್ಧಕದ ಮೇಲೆ ಹಾಯಿಸುತ್ತಾರೆ. ಗಂಧಕವು ಹೈಡ್ರೋಜನ್ ಸಲ್ಫೈಡ್ ಆಗಿ ಹೊರಬಿದ್ದು, ಮುಂದೆ ಕ್ಲಾಸ್ ಘಟಕದಲ್ಲಿ ಹಳದಿ ಗಂಧಕವಾಗುತ್ತದೆ. ಮರ್ಕ್ಯಾಪ್ಟನ್, ಸಲ್ಫೈಡ್‌ಗಳು ಇದಕ್ಕೆ ಸಲೀಸಾಗಿ ಬಗ್ಗುತ್ತವೆ. ಬಗ್ಗದಿರುವುದು 4,6-ಡೈಮೀಥೈಲ್ ಡೈಬೆಂಜೋಥಯೋಫೀನ್‌ನಂತಹ ಅಣುಗಳು. ಇವುಗಳಲ್ಲಿ ಗಂಧಕದ ಪರಮಾಣುವಿನ ಎರಡೂ ಪಕ್ಕದಲ್ಲಿ ಮೀಥೈಲ್ ಗುಂಪುಗಳು ಕಾವಲುಗಾರರಂತೆ ನಿಂತಿರುವುದರಿಂದ ವೇಗವರ್ಧಕದ ಮೇಲ್ಮೈಗೆ ಗಂಧಕ ತಾಗುವುದೇ ಕಷ್ಟ. ಕಡೆಯ ಕೆಲವು ಹತ್ತು ಪಿಪಿಎಂ ಗಂಧಕವನ್ನು ತೆಗೆಯಲು ತಾಪ, ಒತ್ತಡ, ಜಲಜನಕದ ಬಳಕೆ ಎಲ್ಲವನ್ನೂ ಏರಿಸಬೇಕಾಗುವುದು ಇದೇ ಕಾರಣಕ್ಕೆ. ಪೆಟ್ರೋಲಿನ ವಿಷಯದಲ್ಲಿ ಇನ್ನೊಂದು ತೊಡಕಿದೆ: ಜಲಜನಕವು ಗಂಧಕದ ಜೊತೆಗೆ ಒಲಿಫಿನ್‌ಗಳ (ದ್ವಿಬಂಧವಿರುವ ಹೈಡ್ರೋಕಾರ್ಬನ್‌ಗಳ) ಮೇಲೂ ವರ್ತಿಸಿ ಆಕ್ಟೇನ್ ಮೌಲ್ಯವನ್ನು ತಗ್ಗಿಸುತ್ತದೆ.

ದ್ರಾವಕದ ವಿಧಾನದಲ್ಲಿ ಇಂಧನದೊಡನೆ ಬೆರೆಯದ ದ್ರವವೊಂದನ್ನು ಅದರ ಜೊತೆ ಕಲಕಿ, ಕಲ್ಮಶ ಆ ದ್ರವಕ್ಕೆ ಹೋದ ಮೇಲೆ ಎರಡು ಪದರಗಳನ್ನು ಬೇರ್ಪಡಿಸುತ್ತಾರೆ. ಇದು ಕೋಣೆಯ ತಾಪದಲ್ಲಿ, ಸಾಮಾನ್ಯ ಒತ್ತಡದಲ್ಲಿ, ಜಲಜನಕವಿಲ್ಲದೆ ನಡೆಯುತ್ತದೆ. ಅದರ ಆಕರ್ಷಣೆ ಅಷ್ಟೇ. ಹಾಗೆಂದು ಅದು ಹೈಡ್ರೋಡೀಸಲ್ಫರೈಸೇಷನ್ ಘಟಕವನ್ನು ಕಿತ್ತೊಗೆದು ಆ ಜಾಗದಲ್ಲಿ ಕೂರಬಲ್ಲದು ಎಂದು ಭಾವಿಸುವುದು ತಪ್ಪು. ಲೆಕ್ಕ ಸರಳವಾಗಿದೆ. ಜಲಜನಕದ ವಿಧಾನ ಅಣುವಿನಿಂದ ಗಂಧಕವನ್ನು ಮಾತ್ರ ಕೀಳುತ್ತದೆ, ಉಳಿದ ಹೈಡ್ರೋಕಾರ್ಬನ್ ಇಂಧನದಲ್ಲೇ ಉಳಿಯುತ್ತದೆ. ದ್ರಾವಕವಾದರೋ ಇಡೀ ಅಣುವನ್ನೇ ಎತ್ತಿಕೊಂಡು ಹೋಗುತ್ತದೆ. ಡೈಬೆಂಜೋಥಯೋಫೀನ್‌ನ ಅಣುತೂಕ 184, ಅದರಲ್ಲಿ ಗಂಧಕ 32 ಮಾತ್ರ. ಒಂದು ಟನ್ ಇಂಧನದಿಂದ 500 ಪಿಪಿಎಂ, ಅಂದರೆ ಅರ್ಧ ಕಿಲೋ ಗಂಧಕ ತೆಗೆಯಲು ಸುಮಾರು 2.9 ಕಿಲೋ ವಸ್ತುವನ್ನು ಬಿಟ್ಟುಕೊಡಬೇಕು. ಅದು ಸಹಿಸಬಹುದಾದ ನಷ್ಟ. ಶೇಕಡಾ 1ರಷ್ಟು ಗಂಧಕವಿರುವ ಇಂಧನದಲ್ಲಾದರೆ ಅದೇ ಲೆಕ್ಕ ಟನ್ನಿಗೆ 57 ಕಿಲೋ ದಾಟುತ್ತದೆ. ಹೀಗಾಗಿ ದ್ರಾವಕದ ನಿಜವಾದ ಸ್ಥಾನ ಮೊದಲ ಹಂತದ ಒರಟು ಕೆಲಸದಲ್ಲಲ್ಲ, ಕೊನೆಯ ನಯಗೆಲಸದಲ್ಲಿ.

ದ್ರಾವಕದಿಂದ ಇಂಧನವನ್ನು ಶುದ್ಧಗೊಳಿಸುವುದು ಹೊಸ ಕಲ್ಪನೆಯೇ?

ಅಲ್ಲ. ರುಮೇನಿಯದ ರಸಾಯನಶಾಸ್ತ್ರಜ್ಞ ಲಾಜರ್ ಎಡೆಲಿಯಾನು 1908ರಲ್ಲೇ ದ್ರವರೂಪದ ಸಲ್ಫರ್ ಡೈಆಕ್ಸೈಡ್ ಬಳಸಿ ಸೀಮೆಎಣ್ಣೆಯಿಂದ ಆರೊಮ್ಯಾಟಿಕ್ ಅಂಶಗಳನ್ನು (ಬೆಂಜೀನ್‌ನಂತಹ ಉಂಗುರವಿರುವ ಅಣುಗಳನ್ನು) ಬೇರ್ಪಡಿಸಿದ್ದರು. ಆಮೇಲೆ ಫರ್ಫ್ಯೂರಾಲ್, ಸಲ್ಫೋಲೇನ್, ಎನ್-ಮೀಥೈಲ್ ಪಿರೊಲಿಡೋನ್ ಮುಂತಾದವು ಸಂಸ್ಕರಣಾಗಾರಗಳಲ್ಲಿ ನೆಲೆಯೂರಿದವು. ಇವು ಕೆಲಸಕ್ಕೆ ಬರುವಂಥವೇ. ಆದರೆ ಕೆಲವು ಸುಲಭವಾಗಿ ಆವಿಯಾಗುತ್ತವೆ, ಕೆಲವು ಹೊತ್ತಿಕೊಳ್ಳುತ್ತವೆ, ಎನ್-ಮೀಥೈಲ್ ಪಿರೊಲಿಡೋನ್ ಮತ್ತು ಡೈಮೀಥೈಲ್ ಫಾರ್ಮಮೈಡ್‌ಗಳು ಗರ್ಭಸ್ಥ ಶಿಶುವಿಗೆ ಹಾನಿ ಮಾಡಬಲ್ಲವೆಂದು ವರ್ಗೀಕರಣಗೊಂಡಿವೆ. ಹಸಿರು ದ್ರಾವಕಗಳ ಹುಡುಕಾಟ ಶುರುವಾದದ್ದು ಇಲ್ಲಿಂದ.

ಒಂದು ದ್ರಾವಕವನ್ನು ‘ಹಸಿರು’ ಎಂದು ಕರೆಯಲು ಆಧಾರವೇನು?

ಪಾಲ್ ಅನಸ್ತಾಸ್ ಮತ್ತು ಜಾನ್ ವಾರ್ನರ್ 1998ರಲ್ಲಿ ಮಂಡಿಸಿದ ಹಸಿರು ರಸಾಯನಶಾಸ್ತ್ರದ 12 ಸೂತ್ರಗಳಲ್ಲಿ ಐದನೆಯದು ದ್ರಾವಕಗಳನ್ನೇ ಕುರಿತದ್ದು: ಸಾಧ್ಯವಿದ್ದಲ್ಲಿ ದ್ರಾವಕವೇ ಬೇಡ, ಬೇಕೇ ಬೇಕಾದರೆ ನಿರಪಾಯಕಾರಿಯಾದುದನ್ನು ಬಳಸಿ ಎನ್ನುವುದು ಅದರ ಸಾರ. ವಾಡಿಕೆಯಲ್ಲಿ, ಆವಿಯಾಗದ, ಬೆಂಕಿ ಹೊತ್ತದ, ವಿಷವಲ್ಲದ, ಮಣ್ಣಿನಲ್ಲಿ ಕೊಳೆಯಬಲ್ಲ, ಮರುಹುಟ್ಟುವ ಮೂಲದಿಂದ ಬಂದ ದ್ರಾವಕಕ್ಕೆ ಈ ಹೆಸರು ಸಲ್ಲುತ್ತದೆ.

ಈ ಗುಣಗಳೆಲ್ಲ ಬಾಟಲಿಯೊಳಗಿನ ದ್ರಾವಕಕ್ಕೆ ಸಂಬಂಧಿಸಿದವು. ಘಟಕದಲ್ಲಿ ಅದೇ ದ್ರಾವಕ ಇಂಧನವನ್ನು ಕೂಡಿ, ಕಲ್ಮಶ ಹೊತ್ತು, ಅದನ್ನು ಎಲ್ಲೋ ಇಳಿಸಿ, ಮತ್ತೆ ಖಾಲಿ ಕೈಯಲ್ಲಿ ಹಿಂತಿರುಗಬೇಕು. ಹೋಗುವ ದಾರಿ ಯಾವತ್ತೂ ಸುಲಭ. ಮರಳುವ ದಾರಿಯಲ್ಲಿ ಎಷ್ಟು ಶಾಖ, ಎಷ್ಟು ನೀರು, ಎಷ್ಟು ಇನ್ನೊಂದು ದ್ರಾವಕ ಖರ್ಚಾಯಿತು ಎಂಬುದರ ಮೇಲೆ ಆ ದ್ರಾವಕ ಹಸಿರೋ ಅಲ್ಲವೋ ಎಂಬುದು ತೀರ್ಮಾನವಾಗುತ್ತದೆ. ಮುಂದಿನ ಹಲವು ಉತ್ತರಗಳು ಈ ಮಾತಿಗೇ ಮರಳಿ ಬರುತ್ತವೆ.

ಅಯಾನಿಕ ದ್ರವಗಳು ಎಂದರೇನು?

ಪೂರ್ತಿಯಾಗಿ ಅಯಾನುಗಳಿಂದಲೇ ಕೂಡಿದ, 100 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೇ ದ್ರವವಾಗಿರುವ ಲವಣಗಳು. ಅಡುಗೆ ಉಪ್ಪು ಕರಗಲು 801 ಡಿಗ್ರಿ ಬೇಕು. ಅಲ್ಲಿ ಪುಟ್ಟ ಅಯಾನುಗಳು ಒತ್ತೊತ್ತಾಗಿ ಜೋಡಣೆಯಾಗಿರುತ್ತವೆ. ಅಯಾನುಗಳಲ್ಲೊಂದು ದೊಡ್ಡದಾಗಿ, ಸೊಟ್ಟಪಟ್ಟ ಆಕಾರದಲ್ಲಿದ್ದರೆ ಆ ಜೋಡಣೆ ಕೂಡಿಬರದೆ ಲವಣವು ದ್ರವವಾಗಿಯೇ ಉಳಿಯುತ್ತದೆ. ಪಾಲ್ ವಾಲ್ಡೆನ್ 1914ರಲ್ಲಿ ವರದಿ ಮಾಡಿದ ಇಥೈಲ್ ಅಮೋನಿಯಂ ನೈಟ್ರೇಟ್ ಸುಮಾರು 12 ಡಿಗ್ರಿಗೇ ಕರಗುತ್ತದೆ. ಗಾಳಿ ಮತ್ತು ತೇವಕ್ಕೆ ಅಂಜದ ಇಮಿಡಜೋಲಿಯಂ ಲವಣಗಳನ್ನು ವಿಲ್ಕ್ಸ್ ಮತ್ತು ಜಾವೊರಾಟ್ಕೊ 1992ರಲ್ಲಿ ತಯಾರಿಸಿದ ಮೇಲೆ ಈ ಕ್ಷೇತ್ರ ವೇಗ ಪಡೆಯಿತು. ಅವುಗಳಿಂದ ಡೀಸೆಲ್‌ನ ಗಂಧಕವನ್ನು ಹೀರಬಹುದೆಂದು ಬೋಸ್ಮನ್, ವಾಸರ್‌ಶೈಡ್ ಮತ್ತು ಸಂಗಡಿಗರು 2001ರಲ್ಲಿ ತೋರಿಸಿದರು.

ಆರಂಭದ ಉತ್ಸಾಹದಲ್ಲಿ ಇವೆಲ್ಲವನ್ನೂ ಕಣ್ಣುಮುಚ್ಚಿ ಹಸಿರು ಎಂದು ಕರೆಯಲಾಯಿತು. ಆವಿಯಾಗುವುದಿಲ್ಲ ಎಂಬುದೊಂದೇ ಅದಕ್ಕೆ ಆಧಾರವಾಗಿತ್ತು. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಹೆಚ್ಚು ಬಳಕೆಯಲ್ಲಿದ್ದ ಹೆಕ್ಸಾಫ್ಲೋರೊಫಾಸ್ಫೇಟ್ ಲವಣವೊಂದು ನೀರಿನ ಸಂಗದಲ್ಲಿ ಒಡೆದು ಹೈಡ್ರೋಜನ್ ಫ್ಲೋರೈಡ್ ಬಿಡುತ್ತದೆಂದು ತೋರಿಸಿತು. ಗಾಜನ್ನೇ ಕೊರೆಯುವ, ಚರ್ಮದ ಮೂಲಕ ದೇಹಕ್ಕಿಳಿದು ಪ್ರಾಣ ತೆಗೆಯಬಲ್ಲ ವಿಷ ಅದು. ‘ಇವು ಆವಿಯೇ ಆಗುವುದಿಲ್ಲ’ ಎಂಬ ಮಾತೂ 2006ರಲ್ಲಿ ಮುರಿದುಬಿತ್ತು: ಕೆಲವು ಅಯಾನಿಕ ದ್ರವಗಳನ್ನು ಹೆಚ್ಚಿನ ತಾಪ ಮತ್ತು ನಿರ್ವಾತದಲ್ಲಿ ಭಟ್ಟಿ ಇಳಿಸಿಯೇ ತೋರಿಸಲಾಯಿತು. ಅವುಗಳ ಆವಿ ಒತ್ತಡ ಸೊನ್ನೆಯಲ್ಲ, ಅತ್ಯಲ್ಪ ಎನ್ನುವುದೇ ಸರಿ.

ಡೀಪ್ ಯೂಟೆಕ್ಟಿಕ್ ದ್ರಾವಕಗಳು ಇವುಗಳಿಗಿಂತ ಹೇಗೆ ಭಿನ್ನ?

ಬೆರೆಸಿದಾಗ ಕರಗುವ ಬಿಂದು ಎರಡೂ ಘಟಕಗಳಿಗಿಂತ ಬಹಳ ಕೆಳಗೆ ಕುಸಿಯುವ ಮಿಶ್ರಣಗಳಿಗೆ ಈ ಹೆಸರು. ಲೀಸ್ಟರ್ ವಿಶ್ವವಿದ್ಯಾಲಯದ ಆಂಡ್ರ್ಯೂ ಅಬಟ್ ಮತ್ತು ತಂಡ 2003ರಲ್ಲಿ ವಿವರಿಸಿದ ಮಿಶ್ರಣವೇ ಇದಕ್ಕೆ ಅತ್ಯುತ್ತಮ ಉದಾಹರಣೆ. ಕೋಲೀನ್ ಕ್ಲೋರೈಡ್ 302 ಡಿಗ್ರಿಗೆ, ಯೂರಿಯಾ 133 ಡಿಗ್ರಿಗೆ ಕರಗುವ ಘನವಸ್ತುಗಳು. ಇವನ್ನು 1:2ರ ಮೋಲ್ ಪ್ರಮಾಣದಲ್ಲಿ ಬೆರೆಸಿದರೆ ಮಿಶ್ರಣದ ಕರಗುವ ಬಿಂದು 12 ಡಿಗ್ರಿಗೆ ಕುಸಿಯುತ್ತದೆ. (ವಾಲ್ಡೆನ್‌ರ ಲವಣವೂ 12 ಡಿಗ್ರಿ ಎನ್ನುವುದು ಕಾಕತಾಳೀಯ, ಅದಕ್ಕೆ ಅರ್ಥ ಹುಡುಕಬೇಕಿಲ್ಲ.) ಕ್ಲೋರೈಡ್ ಅಯಾನು ಯೂರಿಯಾದೊಡನೆ ಹೈಡ್ರೋಜನ್ ಬಂಧದಲ್ಲಿ ಸಿಲುಕಿಕೊಳ್ಳುವುದರಿಂದ ಎರಡೂ ತಮ್ಮ ತಮ್ಮ ಹರಳುಗಳಿಗೆ ಮರಳಲಾರವು.

ಪ್ರಯೋಗಾಲಯದಲ್ಲಿ ಇದನ್ನು ಕಣ್ಣಾರೆ ನೋಡುವುದೇ ಒಂದು ಸೊಗಸು. ಎರಡು ಬಿಳಿ ಪುಡಿಗಳನ್ನು ಮುಚ್ಚಳವಿರುವ ಸೀಸೆಯಲ್ಲಿ ಹಾಕಿ 80 ಡಿಗ್ರಿಯಲ್ಲಿ ಕಲಕುತ್ತಿದ್ದರೆ, ಮೊದಲು ಅಂಚಿನಲ್ಲಿ ಒದ್ದೆ ಮರಳಿನಂತೆ ಹೊಳಪು ಬರುತ್ತದೆ, ಆಮೇಲೆ ಎಲ್ಲವೂ ಗಂಜಿಯಂತಾಗುತ್ತದೆ, ಕಡೆಗೆ ನಿಧಾನವಾಗಿ ತಿಳಿಯಾಗಿ ಬಣ್ಣವಿಲ್ಲದ ಮಂದ ದ್ರವ ಉಳಿಯುತ್ತದೆ. ನೀರು ಸೇರಿಸಿಲ್ಲ, ಉಪೋತ್ಪನ್ನವಿಲ್ಲ, ತೊಳೆಯಬೇಕಾದ್ದಿಲ್ಲ. ಎಚ್ಚರ ಬೇಕಾದದ್ದು ತೂಗುವಾಗ: ಕೋಲೀನ್ ಕ್ಲೋರೈಡ್ ಗಾಳಿಯ ತೇವವನ್ನು ಎಷ್ಟು ಆತುರದಿಂದ ಹೀರುತ್ತದೆಂದರೆ, ತಕ್ಕಡಿಯ ಮೇಲೆ ಇಟ್ಟಿರುವಾಗಲೇ ಅಂಕಿ ಏರುತ್ತ ಹೋಗುತ್ತದೆ, ಪುಡಿ ಗಂಟುಗಟ್ಟುತ್ತದೆ. ಒಣಗಿಸದೆ ತೂಗಿದ ಪುಡಿಯಿಂದ ಮಾಡಿದ ದ್ರಾವಕ ತೆಳ್ಳಗಿರುತ್ತದೆ, ಅದನ್ನು ನಂಬಿ ಬರೆದ ಸ್ನಿಗ್ಧತೆಯ ಅಂಕಿಯೂ ಹಾಗೆಯೇ ಇರುತ್ತದೆ.

ಕೋಲೀನ್ ಕ್ಲೋರೈಡ್ ಪಶು ಆಹಾರಕ್ಕೆ ಸೇರಿಸುವ ವಸ್ತುವಾದ್ದರಿಂದ ಅಗ್ಗವಾಗಿ, ಹೇರಳವಾಗಿ ಸಿಗುತ್ತದೆ. ಯೂರಿಯಾದ ಬದಲು ಗ್ಲಿಸರಾಲ್, ಇಥಿಲೀನ್ ಗ್ಲೈಕಾಲ್, ಆಕ್ಸಾಲಿಕ್ ಆಮ್ಲ, ಲ್ಯಾಕ್ಟಿಕ್ ಆಮ್ಲ ಹೀಗೆ ಹಲವನ್ನು ಜೋಡಿಸಬಹುದು. ಘಟಕಗಳು ನಿರಪಾಯಕಾರಿಯಾಗಿದ್ದರೆ ಮಿಶ್ರಣವೂ ಬಹುಮಟ್ಟಿಗೆ ಹಾಗೆಯೇ ಎನ್ನಬಹುದಾದರೂ, ಇಥಿಲೀನ್ ಗ್ಲೈಕಾಲ್ ವಿಷ ಎಂಬುದನ್ನು ಮಿಶ್ರಣದ ಸುಂದರ ಹೆಸರು ಮರೆಸಬಾರದು.

ಇವೆರಡನ್ನು ಬಿಟ್ಟರೆ ಬೇರೆ ಹಸಿರು ದ್ರಾವಕಗಳಿಲ್ಲವೇ?

ಇವೆ. ಪಾಲಿಇಥಿಲೀನ್ ಗ್ಲೈಕಾಲ್ ಒಂಟಿಯಾಗಿಯೂ ಚೆನ್ನಾಗಿ ಕೆಲಸ ಮಾಡುತ್ತದೆ, ವಿಷತ್ವ ಬಹಳ ಕಡಿಮೆ. ಸಸ್ಯಮೂಲದ ಗ್ಯಾಮಾ-ವಲೆರೊಲ್ಯಾಕ್ಟೋನ್, ಇಥೈಲ್ ಲ್ಯಾಕ್ಟೇಟ್‌ಗಳ ಮೇಲೂ ಆಸಕ್ತಿಯಿದೆ. 31 ಡಿಗ್ರಿ ಮತ್ತು 74 ಬಾರ್ ಒತ್ತಡವನ್ನು ದಾಟಿದ ಇಂಗಾಲದ ಡೈಆಕ್ಸೈಡ್ ಕೂಡ ಹಸಿರು ದ್ರಾವಕವೇ, ಆದರೆ ಅದು ಧ್ರುವೀಯವಲ್ಲದ (ಅಣುವಿನ ಎರಡು ತುದಿಗಳಲ್ಲಿ ವಿರುದ್ಧ ವಿದ್ಯುದಂಶವಿಲ್ಲದ) ಕಾರಣ ಇಂಧನವನ್ನೇ ಕರಗಿಸಿಕೊಳ್ಳುತ್ತದೆ.

ಸಾವಿರಾರು ಬಗೆಯ ಅಣುಗಳ ನಡುವೆ ದ್ರಾವಕವು ಗಂಧಕದ ಅಣುವನ್ನೇ ಹೇಗೆ ಆರಿಸುತ್ತದೆ?

ಪ್ರಾಮಾಣಿಕವಾಗಿ ಹೇಳುವುದಾದರೆ, ಅದು ಗಂಧಕವನ್ನು ಆರಿಸುವುದೇ ಇಲ್ಲ. ಇಂಧನದ ಬಹುಪಾಲು ಉದ್ದನೆಯ ಪ್ಯಾರಾಫಿನ್ ಸರಪಳಿಗಳು ಮತ್ತು ಸಂತೃಪ್ತ ಉಂಗುರಗಳು. ಇವುಗಳಿಗೆ ಲವಣದ ಸ್ವಭಾವದ ದ್ರಾವಕದಲ್ಲಿ ಜಾಗವಿಲ್ಲ. ಥಯೋಫೀನ್ ಬಳಗದ ಅಣುಗಳು ಚಪ್ಪಟೆಯಾಗಿದ್ದು, ಅವುಗಳ ಮೇಲೆ ಕೆಳಗೆ ಪೈ ಎಲೆಕ್ಟ್ರಾನುಗಳ ಮೋಡವಿರುತ್ತದೆ. ಇಮಿಡಜೋಲಿಯಂನಂತಹ ಆರೊಮ್ಯಾಟಿಕ್ ಉಂಗುರ ಅದರ ಮೇಲೆ ತಟ್ಟೆಯ ಮೇಲೆ ತಟ್ಟೆ ಇಟ್ಟಂತೆ ಕೂರುತ್ತದೆ. ಗಂಧಕದ ಒಂಟಿ ಎಲೆಕ್ಟ್ರಾನ್ ಜೋಡಿಯ ಕಡೆಗೆ ದ್ರಾವಕದ ಹೈಡ್ರಾಕ್ಸಿಲ್ ಗುಂಪುಗಳು ದುರ್ಬಲವಾದ ಹೈಡ್ರೋಜನ್ ಬಂಧ ಚಾಚುತ್ತವೆ. ದ್ರಾವಕದಲ್ಲಿ ಫೆರಿಕ್ ಕ್ಲೋರೈಡ್‌ನಂತಹ ಲೂಯಿಸ್ ಆಮ್ಲ (ಎಲೆಕ್ಟ್ರಾನ್ ಜೋಡಿಯನ್ನು ಸ್ವೀಕರಿಸುವ ವಸ್ತು) ಇದ್ದರೆ ಹಿಡಿತ ಇನ್ನೂ ಬಿಗಿಯಾಗುತ್ತದೆ.

ಆದರೆ ಇದೇ ಬಗೆಯ ಮೋಡ ಬೆಂಜೀನ್, ಟಾಲ್ಯೂಯೀನ್, ನ್ಯಾಫ್ತಲೀನ್‌ಗಳಿಗೂ ಇದೆ. ದ್ರಾವಕ ಅವನ್ನೂ ಒಳಗೆ ಕರೆದುಕೊಳ್ಳುತ್ತದೆ, ಮತ್ತು ಅವುಗಳ ಸಂಖ್ಯೆ ಗಂಧಕದ ಅಣುಗಳಿಗಿಂತ ನೂರಾರು ಪಟ್ಟು ಹೆಚ್ಚು. ಒಂದು ಗಂಧಕದ ಅಣುವಿಗಾಗಿ ಎಷ್ಟು ಒಳ್ಳೆಯ ಅಣುಗಳನ್ನು ಕಳೆದುಕೊಂಡೆವು ಎಂಬ ಈ ಆಯ್ಕೆಯ ಅನುಪಾತವನ್ನು ತಿಳಿಸದ ಫಲಿತಾಂಶ ಅರ್ಧ ಫಲಿತಾಂಶ ಮಾತ್ರ.

ಒಂದೇ ಸುತ್ತಿನಲ್ಲಿ ಎಷ್ಟು ಗಂಧಕ ಹೋಗುತ್ತದೆ?

ದ್ರಾವಕ, ತಾಪ, ಪ್ರಮಾಣಗಳ ಮೇಲೆ ಅವಲಂಬಿತ. ಟೆಟ್ರಾಬ್ಯೂಟೈಲ್ ಅಮೋನಿಯಂ ಕ್ಲೋರೈಡ್ ಮತ್ತು ಪಾಲಿಇಥಿಲೀನ್ ಗ್ಲೈಕಾಲ್ ಮಿಶ್ರಣದಿಂದ ಮಾದರಿ ಇಂಧನದಲ್ಲಿ (ಪ್ರಯೋಗಾಲಯದಲ್ಲಿ ಬೆರೆಸಿ ಮಾಡಿದ ಸರಳ ಇಂಧನದಲ್ಲಿ) ಒಂದು ಸುತ್ತಿಗೆ ಸುಮಾರು ಶೇಕಡಾ 82, ಐದು ಸುತ್ತಿಗೆ ಶೇಕಡಾ 99ಕ್ಕಿಂತ ಹೆಚ್ಚು ಗಂಧಕ ತೆಗೆದ 2013ರ ವರದಿ ಈ ಕ್ಷೇತ್ರದಲ್ಲಿ ಹೆಸರುವಾಸಿ. ಹೆಚ್ಚಿನ ದ್ರಾವಕಗಳು ಅಷ್ಟು ಮಾಡುವುದಿಲ್ಲ.

ಒಂದು ಸುತ್ತಿಗೆ ಶೇಕಡಾ 60 ಹೋಗುತ್ತದೆಂದು ಇಟ್ಟುಕೊಳ್ಳೋಣ. 1000 ಪಿಪಿಎಂ ಇದ್ದದ್ದು ಪ್ರತಿ ಸುತ್ತಿಗೆ ಹೊಸ ದ್ರಾವಕ ಹಾಕುತ್ತ ಹೋದರೆ 400, 160, 64, 25.6, 10.2 ಎಂದು ಇಳಿಯುತ್ತದೆ. 10ರ ಮಿತಿಗೆ ಕೂದಲೆಳೆಯಲ್ಲಿ ತಪ್ಪಿ, ಆರನೆಯ ಸುತ್ತು ಬೇಕೇ ಬೇಕಾಗುತ್ತದೆ. ಅಂದರೆ ಆರು ಪಾಲು ದ್ರಾವಕ, ಆರು ಪಾಲಿನ ಶುದ್ಧೀಕರಣದ ಖರ್ಚು. ಘಟಕಗಳಲ್ಲಿ ಹೀಗೆ ಮಾಡುವುದಿಲ್ಲ. ಇಂಧನ ಒಂದು ತುದಿಯಿಂದ, ದ್ರಾವಕ ಇನ್ನೊಂದು ತುದಿಯಿಂದ ಎದುರುಬದುರಾಗಿ ಹರಿಯುವಂತೆ ಮಾಡುತ್ತಾರೆ. ಇದರಿಂದ ಅತ್ಯಂತ ಶುದ್ಧವಾದ ದ್ರಾವಕಕ್ಕೆ ಈಗಾಗಲೇ ಬಹುಪಾಲು ಶುದ್ಧವಾದ ಇಂಧನ ಎದುರಾಗುತ್ತದೆ, ಆಗಲೇ ಕಲ್ಮಶ ಹೊತ್ತ ದ್ರಾವಕಕ್ಕೆ ಹೊಸ ಇಂಧನ ಎದುರಾಗುತ್ತದೆ. ಮೇಲಿನ ದ್ರಾವಕವನ್ನೇ ಒಂದೇ ಪಾಲಿನಷ್ಟು ಐದು ಹಂತಗಳ ಎದುರುಹರಿವಿನಲ್ಲಿ ಬಳಸಿದರೆ 1000 ಪಿಪಿಎಂ ಸುಮಾರು 48ಕ್ಕೆ ಇಳಿಯುತ್ತದೆ. ಅದೇ ಪಾಲನ್ನು ಒಂದೇ ಪಾತ್ರೆಯಲ್ಲಿ ಕಲಕಿದ್ದರೆ 400ಕ್ಕೆ ನಿಲ್ಲುತ್ತಿತ್ತು. ದ್ರಾವಕವನ್ನು ಬದಲಿಸುವುದಕ್ಕಿಂತ ಅದನ್ನು ಬಳಸುವ ಕ್ರಮವನ್ನು ಬದಲಿಸಿದರೆ ಹೆಚ್ಚು ಲಾಭ ಸಿಗುವ ಸಂದರ್ಭಗಳು ಕಡಿಮೆಯೇನಲ್ಲ.

ಇಲ್ಲಿ ಸ್ನಿಗ್ಧತೆ ಅಡ್ಡಬರುತ್ತದೆ. ಕೋಲೀನ್ ಕ್ಲೋರೈಡ್-ಯೂರಿಯಾ ದ್ರಾವಕ ಕೋಣೆಯ ತಾಪದಲ್ಲಿ ನೀರಿಗಿಂತ ನೂರಾರು ಪಟ್ಟು ಮಂದ. ಅದನ್ನು ಹನಿಹನಿಯಾಗಿ ಒಡೆಯುವುದೂ ಕಷ್ಟ, ಒಡೆದ ಹನಿಗಳು ಮತ್ತೆ ಕೂಡಿ ಪದರವಾಗಲು ಕಾಯುವುದೂ ಕಷ್ಟ. ಸ್ವಲ್ಪ ಬಿಸಿ ಮಾಡಿದರೆ ಹರಿವು ಸುಧಾರಿಸುತ್ತದೆ, ಆದರೆ ಹೀರುವ ಸಾಮರ್ಥ್ಯ ಹಲವು ಬಾರಿ ಕುಗ್ಗುತ್ತದೆ.

ಹೈಡ್ರೋಜನ್ ಪೆರಾಕ್ಸೈಡ್ ಸೇರಿಸುವುದರಿಂದ ಏನು ಪ್ರಯೋಜನ?

ಡೈಬೆಂಜೋಥಯೋಫೀನ್‌ನ ಗಂಧಕಕ್ಕೆ ಎರಡು ಆಮ್ಲಜನಕ ಪರಮಾಣುಗಳನ್ನು ಜೋಡಿಸಿದರೆ ಅದು ಸಲ್ಫೋನ್ ಆಗುತ್ತದೆ. ಇಂಧನದಲ್ಲಿ ಹಾಯಾಗಿದ್ದ ಅಣು ಈಗ ಹೆಚ್ಚು ಧ್ರುವೀಯವಾಗಿ, ಇಂಧನಕ್ಕೆ ಬೇಡವಾಗಿ, ದ್ರಾವಕಕ್ಕೆ ಹತ್ತಿರವಾಗುತ್ತದೆ. ಉತ್ಕರ್ಷಣ ಮತ್ತು ಹೀರುವಿಕೆಯನ್ನು ಅಯಾನಿಕ ದ್ರವದ ಒಂದೇ ಪಾತ್ರೆಯಲ್ಲಿ ನಡೆಸಿದ ಪ್ರಯೋಗ 2003ರಲ್ಲಿ ಪ್ರಕಟವಾಯಿತು.

ಈ ವಿಧಾನದ ಸೊಬಗು ಎಲ್ಲಿದೆಯೆಂದರೆ, ಜಲಜನಕದ ವಿಧಾನಕ್ಕೆ ಮಣಿಯದ ಅಣುಗಳೇ ಇಲ್ಲಿ ಮೊದಲು ಮಣಿಯುತ್ತವೆ. ಉತ್ಕರ್ಷಣವು ಗಂಧಕದ ಮೇಲಿನ ಎಲೆಕ್ಟ್ರಾನ್ ಸಾಂದ್ರತೆಯನ್ನು ಅರಸುತ್ತದೆ. ಆ ಅಂಕಿ ಥಯೋಫೀನ್‌ಗೆ 5.696, ಬೆಂಜೋಥಯೋಫೀನ್‌ಗೆ 5.739, ಡೈಬೆಂಜೋಥಯೋಫೀನ್‌ಗೆ 5.758, ಹಠಮಾರಿ 4,6-ಡೈಮೀಥೈಲ್ ರೂಪಕ್ಕೆ 5.760. ವ್ಯತ್ಯಾಸ ಸಣ್ಣದೆಂದು ಕಂಡರೂ ಥಯೋಫೀನ್ ಸೌಮ್ಯ ಪರಿಸ್ಥಿತಿಯಲ್ಲಿ ಬಹುತೇಕ ಅಲುಗಾಡುವುದಿಲ್ಲ, ಡೈಬೆಂಜೋಥಯೋಫೀನ್ ಸರಾಗವಾಗಿ ಸಲ್ಫೋನ್ ಆಗುತ್ತದೆ. ಹಾಗಾಗಿ ಎರಡು ವಿಧಾನಗಳೂ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತವೆ: ಜಲಜನಕ ಬಿಟ್ಟದ್ದನ್ನು ಪೆರಾಕ್ಸೈಡ್ ಹಿಡಿಯುತ್ತದೆ.

ಲೆಕ್ಕದ ಪ್ರಕಾರ ಒಂದು ಗಂಧಕಕ್ಕೆ ಎರಡು ಪೆರಾಕ್ಸೈಡ್ ಅಣು ಸಾಕು. 500 ಪಿಪಿಎಂ ಗಂಧಕವಿರುವ ಒಂದು ಟನ್ ಇಂಧನಕ್ಕೆ ಶೇಕಡಾ 30ರ ಪೆರಾಕ್ಸೈಡ್ ದ್ರಾವಣ ಸುಮಾರು ಮೂರೂವರೆ ಕಿಲೋ ಎಂದಾಗುತ್ತದೆ. ವಾಸ್ತವದಲ್ಲಿ ಒಂದಷ್ಟು ತಾನೇ ವಿಭಜನೆಯಾಗಿ ವ್ಯರ್ಥವಾಗುವುದರಿಂದ ಹಲವು ಪಟ್ಟು ಹಾಕಬೇಕಾಗುತ್ತದೆ. ಉಪೋತ್ಪನ್ನ ನೀರು ಮಾತ್ರ ಎಂಬುದು ನಿಜ, ಆದರೆ ಆ ನೀರು ದ್ರಾವಕದಲ್ಲಿ ಸೇರಿ ಅದನ್ನು ದುರ್ಬಲಗೊಳಿಸುತ್ತದೆ. ಪೆರಾಕ್ಸೈಡ್, ಸಾವಯವ ಆಮ್ಲ ಮತ್ತು ಇಂಧನ ಮೂರೂ ಒಂದೇ ಪಾತ್ರೆಯಲ್ಲಿ ಬಿಸಿಯಾಗುವುದು ಸ್ಫೋಟದ ಅಪಾಯವಿರುವ ಸನ್ನಿವೇಶ ಎಂಬುದನ್ನೂ ಮರೆಯುವಂತಿಲ್ಲ.

ಸಾರಜನಕ, ಫೀನಾಲ್ ಮತ್ತು ಆಮ್ಲಗಳನ್ನು ಇದೇ ದ್ರಾವಕಗಳು ತೆಗೆಯುತ್ತವೆಯೇ?

ಗಂಧಕಕ್ಕಿಂತ ಸುಲಭವಾಗಿ ತೆಗೆಯುತ್ತವೆ. ಇಂಡೋಲ್, ಕಾರ್ಬಜೋಲ್‌ಗಳಲ್ಲಿ ಸಾರಜನಕಕ್ಕೆ ಅಂಟಿದ ಹೈಡ್ರೋಜನ್ ನೇರವಾಗಿ ಬಲವಾದ ಬಂಧ ಬೆಸೆಯುತ್ತದೆ. ಕ್ವಿನೊಲೀನ್‌ನಂತಹ ಪ್ರತ್ಯಾಮ್ಲೀಯ ಅಣುಗಳು ಆಮ್ಲ ಸ್ವಭಾವದ ದ್ರಾವಕಕ್ಕೆ ತಾವಾಗಿ ಬರುತ್ತವೆ. ಇದರಲ್ಲಿ ಇನ್ನೊಂದು ಉಪಯೋಗವಿದೆ. ಸಾರಜನಕದ ಸಂಯುಕ್ತಗಳು ಹೈಡ್ರೋಡೀಸಲ್ಫರೈಸೇಷನ್ ವೇಗವರ್ಧಕದ ಮೇಲೆ ಕೂತು ಗಂಧಕಕ್ಕೆ ಜಾಗ ಬಿಡುವುದಿಲ್ಲವಾದ್ದರಿಂದ, ಅವನ್ನು ಮೊದಲೇ ದ್ರಾವಕದಿಂದ ತೆಗೆದರೆ ಮುಂದಿನ ಘಟಕ ಹಗುರಾಗಿ ಓಡುತ್ತದೆ. ನನ್ನ ದೃಷ್ಟಿಯಲ್ಲಿ ಹಸಿರು ದ್ರಾವಕಗಳಿಗೆ ಗಂಧಕಕ್ಕಿಂತ ಹೆಚ್ಚು ಹೊಂದುವ ಕೆಲಸ ಇದು. ಅದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ಫೀನಾಲ್‌ಗಳ ವಿಷಯ ಇನ್ನೂ ಚಮತ್ಕಾರಿಕ. ಫೀನಾಲ್ ಇರುವ ಎಣ್ಣೆಗೆ ಕೋಲೀನ್ ಕ್ಲೋರೈಡ್ ಪುಡಿಯನ್ನು ಹಾಕಿ ಕಲಕಿದರೆ, ಫೀನಾಲ್ ಮತ್ತು ಲವಣ ಸೇರಿ ಅಲ್ಲೇ ಒಂದು ಯೂಟೆಕ್ಟಿಕ್ ದ್ರವವಾಗಿ ತಳಕ್ಕಿಳಿಯುತ್ತವೆ. ಇಲ್ಲಿ ಕಲ್ಮಶವೇ ದ್ರಾವಕದ ಅರ್ಧ ಭಾಗವಾಗುತ್ತದೆ.

ಜೈವಿಕ ಡೀಸೆಲ್‌ಗೆ ಇವು ಉಪಯೋಗವೇ?

ಹೌದು, ಮತ್ತು ಇಲ್ಲಿ ತರ್ಕ ಬಹಳ ಅಚ್ಚುಕಟ್ಟಾಗಿದೆ. ಎಣ್ಣೆಯಿಂದ ಜೈವಿಕ ಡೀಸೆಲ್ ಮಾಡುವಾಗ ಗ್ಲಿಸರಾಲ್ ಉಪೋತ್ಪನ್ನವಾಗಿ ಬರುತ್ತದೆ. ಯುರೋಪಿನ ಇಎನ್ 14214 ಮಾನದಂಡದಂತೆ ಇಂಧನದಲ್ಲಿ ಮುಕ್ತ ಗ್ಲಿಸರಾಲ್ ಶೇಕಡಾ 0.02ನ್ನು ಮೀರಬಾರದು. ವಾಡಿಕೆಯಲ್ಲಿ ನೀರಿನಿಂದ ಹಲವು ಬಾರಿ ತೊಳೆಯುತ್ತಾರೆ, ಅಷ್ಟೂ ನೀರು ಸಾಬೂನು ಬೆರೆತ ತ್ಯಾಜ್ಯವಾಗುತ್ತದೆ. ಅದರ ಬದಲು ಕೋಲೀನ್ ಕ್ಲೋರೈಡ್ ಮತ್ತು ಗ್ಲಿಸರಾಲ್‌ಗಳ 1:1 ಮಿಶ್ರಣದಿಂದ ತೊಳೆದರೆ, ಗ್ಲಿಸರಾಲ್‌ಗಾಗಿ ಇನ್ನೂ ಹಸಿವಿರುವ ಆ ದ್ರಾವಕ ಇಂಧನದಲ್ಲಿರುವುದನ್ನೂ ಸೆಳೆದುಕೊಳ್ಳುತ್ತದೆ. ತೆಗೆಯಬೇಕಾದ ವಸ್ತುವೇ ದ್ರಾವಕದ ಭಾಗವಾಗಿರುವುದರಿಂದ ಹೊರಗಿನ ಯಾವ ಹೊಸ ವಸ್ತುವೂ ಕೋಲೀನ್ ಕ್ಲೋರೈಡ್ ಹೊರತು ಒಳಬರುವುದಿಲ್ಲ. ಅಬಟ್ ತಂಡವೇ ಇದನ್ನು 2007ರಲ್ಲಿ ತೋರಿಸಿತು.

ಸಂಶೋಧನಾ ಪ್ರಬಂಧಗಳಲ್ಲಿ ಕಾಣುವ ‘ಶೇಕಡಾ 99’ ಅನ್ನು ಎಷ್ಟರಮಟ್ಟಿಗೆ ನಂಬಬೇಕು?

ಅಂಕಿ ಸುಳ್ಳಲ್ಲ, ಆದರೆ ಅದು ಯಾವುದರ ಅಂಕಿ ಎಂದು ನೋಡಬೇಕು. ಮೊದಲನೆಯದಾಗಿ, ಬಹುತೇಕ ಪ್ರಯೋಗಗಳು ನಡೆಯುವುದು ಮಾದರಿ ಇಂಧನದ ಮೇಲೆ: ಆಕ್ಟೇನ್ ಅಥವಾ ಡೋಡೆಕೇನ್‌ನಲ್ಲಿ ಡೈಬೆಂಜೋಥಯೋಫೀನ್ ಒಂದನ್ನೇ ಕರಗಿಸಿ ಇಟ್ಟ, ಪ್ರತಿಸ್ಪರ್ಧಿ ಆರೊಮ್ಯಾಟಿಕ್‌ಗಳಿಲ್ಲದ, ತಿಳಿನೀರಿನಂತಹ ದ್ರವ. ಅದೇ ದ್ರಾವಕವನ್ನು ನಿಜವಾದ ಡೀಸೆಲ್‌ಗೆ ಹಾಕಿದಾಗ ಫಲಿತಾಂಶ ಅರ್ಧಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿಯುವುದು ಸಾಮಾನ್ಯ. ಎರಡನೆಯದಾಗಿ, ಪಿಪಿಎಂ ಯಾವುದರದ್ದು? ಡೈಬೆಂಜೋಥಯೋಫೀನ್ 500 ಪಿಪಿಎಂ ಎಂದರೆ ಗಂಧಕ ಬರೀ 87 ಪಿಪಿಎಂ. ಈ ಎರಡನ್ನು ಕಲಸಿಹಾಕಿದ ಬರಹಗಳು ವಿರಳವಲ್ಲ.

ಮೂರನೆಯದು ಅಳತೆಯ ವಿಧಾನ. ಗ್ಯಾಸ್ ಕ್ರೊಮಟೋಗ್ರಫಿಯಲ್ಲಿ ಡೈಬೆಂಜೋಥಯೋಫೀನ್‌ನ ಶಿಖರ ಮಾಯವಾಯಿತೆಂದರೆ ಆ ಅಣು ಹೋಯಿತೆಂದು ಅರ್ಥವೇ ಹೊರತು ಗಂಧಕ ಹೋಯಿತೆಂದಲ್ಲ. ಅದು ಸಲ್ಫೋನ್ ಆಗಿ ಇಂಧನದಲ್ಲೇ ಅಡಗಿರಬಹುದು. ಒಟ್ಟು ಗಂಧಕವನ್ನು ಅಳೆಯುವ ಅತಿನೇರಳೆ ಪ್ರತಿದೀಪ್ತಿಯ ಎಎಸ್‌ಟಿಎಂ ಡಿ 5453 ಅಥವಾ ಕ್ಷಕಿರಣ ಆಧಾರಿತ ವಿಧಾನಗಳ ಅಂಕಿ ಜೊತೆಗಿದ್ದರೆ ಮಾತ್ರ ನಿಶ್ಚಿಂತೆ. ನಾಲ್ಕನೆಯದಾಗಿ ದ್ರಾವಕ ಮತ್ತು ಇಂಧನದ ಅನುಪಾತ. 1:1ರಲ್ಲಿ ಶೇಕಡಾ 70 ತೆಗೆದದ್ದಕ್ಕಿಂತ 1:5ರಲ್ಲಿ ಶೇಕಡಾ 45 ತೆಗೆದದ್ದು ದೊಡ್ಡ ಸಾಧನೆ.

ಬಳಸಿದ ದ್ರಾವಕವನ್ನು ಮತ್ತೆ ಶುದ್ಧಗೊಳಿಸುವುದು ಹೇಗೆ?

ಇದು ಇಡೀ ವಿಷಯದ ಗಂಟು. ಸಾಮಾನ್ಯ ದ್ರಾವಕವನ್ನು ಭಟ್ಟಿ ಇಳಿಸಿ ಕಲ್ಮಶವನ್ನು ತಳದಲ್ಲಿ ಬಿಡಬಹುದು. ಹಸಿರು ದ್ರಾವಕ ಆವಿಯಾಗುವುದಿಲ್ಲ, ಅದೇ ಅದರ ಹೆಗ್ಗಳಿಕೆ. ಹಾಗಾಗಿ ಇಲ್ಲಿ ಕಲ್ಮಶವನ್ನೇ ಆವಿ ಮಾಡಿ ಓಡಿಸಬೇಕು. ಥಯೋಫೀನ್ 84 ಡಿಗ್ರಿಗೆ ಕುದಿಯುತ್ತದೆ, ತೊಂದರೆಯಿಲ್ಲ. ಡೈಬೆಂಜೋಥಯೋಫೀನ್ ಕುದಿಯಲು 332 ಡಿಗ್ರಿ ಬೇಕು. ಅಷ್ಟು ಬಿಸಿಗೆ ಕೋಲೀನ್ ಕ್ಲೋರೈಡ್ ತಾಳುವುದಿಲ್ಲ, ಯೂರಿಯಾವಂತೂ ಅದಕ್ಕೆ ಬಹಳ ಮೊದಲೇ ಅಮೋನಿಯಾ ಬಿಡಲು ತೊಡಗುತ್ತದೆ. ಆವಿಯಾಗದಿರುವ ಗುಣ ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಸಿದುಕೊಳ್ಳುತ್ತದೆ.

ಎರಡನೆಯ ದಾರಿ ನೀರು. ಬಳಸಿದ ದ್ರಾವಕಕ್ಕೆ ನೀರು ಸುರಿದರೆ ಗಂಧಕದ ಅಣುಗಳಿಗೆ ಅಲ್ಲಿ ಉಸಿರುಗಟ್ಟಿ, ಅವು ಬಿಳಿಯ ಹರಳಾಗಿ ಅಥವಾ ಎಣ್ಣೆಯ ಪದರವಾಗಿ ಹೊರಬೀಳುತ್ತವೆ. ಸೋಸಿದ ಮೇಲೆ ನೀರನ್ನು ಆವಿ ಮಾಡಬೇಕು. ಒಂದು ಕಿಲೋ ನೀರು ಆವಿಯಾಗಲು 2257 ಕಿಲೋಜೂಲ್ ಬೇಕು. ಒಂದು ಕಿಲೋ ಇಂಧನಕ್ಕೆ ಒಂದು ಕಿಲೋ ದ್ರಾವಕ, ಅದಕ್ಕೆ ಒಂದು ಕಿಲೋ ನೀರು ಎಂದು ಹಿಡಿದರೆ, ಡೀಸೆಲ್‌ನ ಶಾಖಮೌಲ್ಯ ಕಿಲೋಗೆ ಸುಮಾರು 43 ಮೆಗಾಜೂಲ್ ಆಗಿರುವಾಗ, ಇಂಧನದ ಶಕ್ತಿಯ ಶೇಕಡಾ 5ಕ್ಕೂ ಹೆಚ್ಚು ಬರೀ ನೀರನ್ನು ಓಡಿಸುವುದಕ್ಕೇ ಹೋಗುತ್ತದೆ. ಇದನ್ನು ಹಸಿರು ಎನ್ನಲು ನನಗಂತೂ ಧೈರ್ಯ ಸಾಲದು.

ಮೂರನೆಯದು ಇನ್ನೊಂದು ದ್ರಾವಕದಿಂದ ಕಲ್ಮಶವನ್ನು ಮರಳಿ ಸೆಳೆಯುವುದು. ಹಲವು ಪ್ರಬಂಧಗಳು ಇದಕ್ಕೆ ಡೈಇಥೈಲ್ ಈಥರ್ ಬಳಸುತ್ತವೆ. ಅದು 35 ಡಿಗ್ರಿಗೆ ಕುದಿಯುವ, ಕಿಡಿ ಕಂಡರೆ ಹೊತ್ತಿಕೊಳ್ಳುವ ದ್ರವ. ಮುಂಬಾಗಿಲಿನಿಂದ ಹೊರಗಟ್ಟಿದ ಅಪಾಯವನ್ನು ಹಿಂಬಾಗಿಲಿನಿಂದ ಒಳಗೆ ಕರೆದಂತಾಯಿತು. ದ್ರಾವಕವನ್ನು ಸಿಲಿಕಾದಂತಹ ರಂಧ್ರಮಯ ಘನವಸ್ತುವಿನ ಮೇಲೆ ತೆಳುವಾಗಿ ಲೇಪಿಸಿ ಬಳಸುವುದು ದ್ರಾವಕದ ಪ್ರಮಾಣವನ್ನೂ ಸ್ನಿಗ್ಧತೆಯ ತೊಡಕನ್ನೂ ಒಟ್ಟಿಗೆ ಇಳಿಸುವುದರಿಂದ, ಸದ್ಯಕ್ಕೆ ಹೆಚ್ಚು ಭರವಸೆ ಹುಟ್ಟಿಸುವ ದಾರಿ ಅದು.

ದ್ರಾವಕ ಕಾಲಕ್ರಮೇಣ ಕೆಡುತ್ತದೆಯೇ?

ಕೆಡುತ್ತದೆ. ಆಮ್ಲದಿಂದ ಮಾಡಿದ ಯೂಟೆಕ್ಟಿಕ್ ದ್ರಾವಕಗಳಲ್ಲಿ ಆಮ್ಲವು ಕೋಲೀನ್‌ನ ಹೈಡ್ರಾಕ್ಸಿಲ್ ಗುಂಪಿನೊಡನೆ ನಿಧಾನವಾಗಿ ಎಸ್ಟರ್ ಆಗುತ್ತ ನೀರು ಬಿಡುತ್ತದೆ. ತಯಾರಿಸುವಾಗ ಬಿಸಿ ಹೆಚ್ಚಿದ್ದಷ್ಟೂ ಇದು ಹೆಚ್ಚು. ಕ್ಲೋರೈಡ್ ಇರುವ ದ್ರಾವಕ, ಅದರಲ್ಲೂ ಆಮ್ಲ ಮತ್ತು ನೀರಿನ ಜೊತೆಗಿದ್ದಾಗ, ಉಕ್ಕಿನ ಕೊಳವೆಗಳನ್ನು ತಿನ್ನುತ್ತದೆ.

ದ್ರಾವಕದ ಅಂಶ ಇಂಧನದಲ್ಲಿ ಉಳಿದುಕೊಳ್ಳುವುದಿಲ್ಲವೇ?

ಸ್ವಲ್ಪ ಉಳಿಯುತ್ತದೆ. ಇದನ್ನು ಅಳೆಯದೆ ಮುಂದುವರಿದರೆ ಗಂಧಕ ತೆಗೆದು ಸಾರಜನಕವನ್ನೋ ಕ್ಲೋರಿನ್ ಅನ್ನೋ ಸೇರಿಸಿದಂತಾಗುತ್ತದೆ. ಸಲ್ಫೇಟ್ ಗುಂಪಿರುವ ಅಯಾನಿಕ ದ್ರವಗಳಲ್ಲಾದರೆ ತೆಗೆದ ಗಂಧಕದ ಜಾಗಕ್ಕೆ ದ್ರಾವಕದ ಗಂಧಕವೇ ಬಂದು ಕೂರಬಹುದು. ಉದ್ದ ಸರಪಳಿಯ ಲವಣಗಳು ಹೆಚ್ಚು ಹೀರುತ್ತವೆ, ಹಾಗೆಯೇ ಹೆಚ್ಚು ಕರಗಿಯೂ ಹೋಗುತ್ತವೆ. ಕೋಲೀನ್ ಕ್ಲೋರೈಡ್‌ನಂತಹ ಗಿಡ್ಡ ಲವಣಗಳು ಇಂಧನದಲ್ಲಿ ಬಹುತೇಕ ಕರಗುವುದಿಲ್ಲ. ಅವು ಉಳಿಯುವುದು ಪೂರ್ತಿ ತಂಗದ ಸೂಕ್ಷ್ಮ ಹನಿಗಳ ರೂಪದಲ್ಲಿ.

ಉದ್ಯಮದಲ್ಲಿ ಇವುಗಳನ್ನು ಎಲ್ಲಾದರೂ ಬಳಸುತ್ತಿದ್ದಾರೆಯೇ?

ಸಂಸ್ಕರಣಾಗಾರದೊಳಗೆ ಅಯಾನಿಕ ದ್ರವಗಳು ಕಾಲಿಟ್ಟಿವೆ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಷೆವ್ರಾನ್ ಸಂಸ್ಕರಣಾಗಾರದಲ್ಲಿ ಆಲ್ಕೈಲೇಷನ್ ಘಟಕವು (ಸಣ್ಣ ಅಣುಗಳನ್ನು ಜೋಡಿಸಿ ಪೆಟ್ರೋಲಿನ ಅಂಶ ಮಾಡುವ ಘಟಕ) 2021ರಲ್ಲಿ ಹೈಡ್ರೋಫ್ಲೋರಿಕ್ ಆಮ್ಲವನ್ನು ಬಿಟ್ಟು ಅಯಾನಿಕ ದ್ರವಕ್ಕೆ ಬದಲಾಯಿತು. ಪೆಟ್ರೋನಾಸ್ ಸಂಸ್ಥೆಯು ನೈಸರ್ಗಿಕ ಅನಿಲದಿಂದ ಪಾದರಸ ತೆಗೆಯಲು, ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದ ಜೊತೆ ಸೇರಿ ರೂಪಿಸಿದ, ಘನವಸ್ತುವಿನ ಮೇಲೆ ಲೇಪಿಸಿದ ಅಯಾನಿಕ ದ್ರವವನ್ನು ಬಳಸುತ್ತಿದೆ. ಇವೆರಡೂ ದ್ರವ ಇಂಧನದ ಗಂಧಕಕ್ಕೆ ಸಂಬಂಧಿಸಿದವಲ್ಲ ಎಂಬುದನ್ನು ಗಮನಿಸಬೇಕು. ಎರಡನೆಯದರಲ್ಲಿ ಪಾದರಸ ಅತ್ಯಲ್ಪ ಪ್ರಮಾಣದ್ದು, ದ್ರಾವಕ ಅದನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ, ಪದೇ ಪದೇ ಮರಳಿ ಪಡೆಯುವ ತೊಂದರೆಯೇ ಇಲ್ಲ. ಅದು ಗೆದ್ದದ್ದಕ್ಕೂ ಗಂಧಕದ ಕೆಲಸ ಪ್ರಯೋಗಾಲಯ ದಾಟಲು ತಿಣುಕುತ್ತಿರುವುದಕ್ಕೂ ಕಾರಣ ಒಂದೇ.

ಇಂತಹ ದ್ರಾವಕವನ್ನು ವಾಹನದ ಟ್ಯಾಂಕಿಗೆ ನೇರವಾಗಿ ಹಾಕಬಹುದೇ?

ಖಂಡಿತ ಕೂಡದು. ಇವು ಇಂಧನದಲ್ಲಿ ಬೆರೆಯದೆ ತಳಕ್ಕಿಳಿಯುತ್ತವೆ, ಇಂಧನ ಎಳೆದುಕೊಳ್ಳುವ ಕೊಳವೆಯಿರುವುದೂ ತಳದಲ್ಲೇ. ಲವಣಯುಕ್ತ ದ್ರವ ಇಂಜೆಕ್ಟರ್‌ಗೆ ಹೋದರೆ ರಿಪೇರಿಯ ಮಾತೇ ಉಳಿಯುವುದಿಲ್ಲ.

ಗಂಧಕ ತೆಗೆದ ಇಂಧನಕ್ಕೆ ಬೇರೆ ತೊಂದರೆಗಳಿವೆಯೇ?

ಡೀಸೆಲ್‌ಗೆ ಸಹಜವಾಗಿ ಜಾರುಗುಣ ಕೊಡುವುದು ಅದರಲ್ಲಿರುವ ಧ್ರುವೀಯ ಅಣುಗಳು. ಯಾವ ವಿಧಾನದಿಂದಾದರೂ ಆಳವಾಗಿ ಶುದ್ಧಗೊಳಿಸಿದರೆ ಅವೂ ಹೋಗಿ ಪಂಪು ಬೇಗ ಸವೆಯುತ್ತದೆ. ಕಡಿಮೆ ಗಂಧಕದ ಡೀಸೆಲ್‌ಗೆ ಜಾರುಗುಣದ ಸೇರ್ಪಡೆಯನ್ನು ಬೆರೆಸುವುದು ಇದಕ್ಕಾಗಿ.

ಈ ವಿಷಯದಲ್ಲಿ ಪ್ರಯೋಗ ಆರಂಭಿಸುವ ವಿದ್ಯಾರ್ಥಿಗೆ ಎಲ್ಲಿಂದ ತೊಡಗುವುದು ಸೂಕ್ತ?

ಹೊಸ ದ್ರಾವಕವೊಂದನ್ನು ಸೃಷ್ಟಿಸುವ ಆಸೆಯನ್ನು ಸ್ವಲ್ಪ ಬದಿಗಿಡುವುದು ಒಳ್ಳೆಯದು. ಯಾವ ಜೋಡಿ ಹೆಚ್ಚು ಹೀರಬಲ್ಲದು ಎಂಬುದನ್ನು ಕಾಸ್ಮೊ-ಆರ್‌ಎಸ್‌ನಂತಹ ಗಣನಾ ವಿಧಾನಗಳು ನೂರಾರು ಜೋಡಿಗಳಿಗೆ ಮೊದಲೇ ಅಂದಾಜು ಮಾಡಿಕೊಡುತ್ತವೆ. ಈಗಾಗಲೇ ತಿಳಿದ ಒಂದು ದ್ರಾವಕವನ್ನು ಆರಿಸಿ, ಮಾದರಿ ಇಂಧನಕ್ಕೆ ಶೇಕಡಾ 20ರಷ್ಟು ಟಾಲ್ಯೂಯೀನ್ ಬೆರೆಸಿ, ಬೇರ್ಪಡಿಕೆ ಆಲಿಕೆಯಲ್ಲಿ ಕಲಕಿ, ಪದರಗಳು ಬೇರೆಯಾಗಲು ಹಿಡಿಯುವ ಹೊತ್ತನ್ನು ಗಡಿಯಾರ ನೋಡಿ ಬರೆದುಕೊಳ್ಳಬೇಕು. ಮೇಲಿನ ಪದರದಲ್ಲಿ ಒಟ್ಟು ಗಂಧಕ ಮತ್ತು ಒಟ್ಟು ಸಾರಜನಕ ಎರಡನ್ನೂ ಅಳೆಯಬೇಕು, ಕೆಳಗಿನ ಪದರದಲ್ಲಿ ನೀರಿನ ಅಂಶವನ್ನು ಕಾರ್ಲ್ ಫಿಷರ್ ವಿಧಾನದಿಂದ ತಿಳಿಯಬೇಕು. ಅದೇ ದ್ರಾವಕವನ್ನು ಶುದ್ಧಗೊಳಿಸಿ, ಮತ್ತೆ ತೂಗಿ, ಮತ್ತೆ ಬಳಸಿ, ಹತ್ತನೆಯ ಸುತ್ತಿನವರೆಗೆ ಹೋಗಬೇಕು. ಮೊದಲ ಸುತ್ತಿನ ಅಂಕಿ ಎಲ್ಲರ ಬಳಿಯೂ ಇದೆ. ಹತ್ತನೆಯ ಸುತ್ತಿನಲ್ಲಿ ಎಷ್ಟು ಗ್ರಾಂ ದ್ರಾವಕ ಉಳಿದಿತ್ತು ಎಂದು ಬರೆದಿಟ್ಟವರು ಬಹಳ ಕಡಿಮೆ.